ದೃಷ್ಟಿ ಸರಿಯಿದ್ದರೂ ಕಣ್ಣಿನ ಹಿಂಭಾಗ ನೋಡಬೇಕು

ಮಾನ್ಯ ಸಂಪಾದಕರೇ,

ಹಾವೇರಿ ಜಿಲ್ಲೆಯಲ್ಲಿ ನಡೆಯುವ ಉಚಿತ ನೇತ್ರ ತಪಾಸಣೆ ಶಿಬಿರಗಳ ಸುದ್ದಿ ತಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತಿರುತ್ತದೆ. ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರ ಕಾಲದಿಂದಲೂ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡು ಮತ್ತೆ ಬೆಳಕು ಕಂಡ ಹಿರಿಯರು ನಮ್ಮ ಉತ್ತರ ಕರ್ನಾಟಕದಲ್ಲಿ ಎಷ್ಟೋ ಜನರಿದ್ದಾರೆ. ರಾಜ್ಯ ಸರ್ಕಾರದ ಕಣ್ಣಿನ ಆರೋಗ್ಯದ ಯೋಜನೆಯಾದ ಆಶಾಕಿರಣವೂ ಮೊದಲ ಹಂತದಲ್ಲೇ ನಮ್ಮ ಜಿಲ್ಲೆಗೆ ಬಂತು. ಈ ಕೆಲಸಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದವರನ್ನು ‘ನಿಮ್ಮ ಕಣ್ಣು ಚೆನ್ನಾಗಿದೆ’ ಎಂದು ಅಲ್ಲಿಂದಲೇ ಕಳಿಸಿಬಿಡುತ್ತಾರೆ. ಹಾಗೆ ಓದಬಲ್ಲವರಲ್ಲೂ ಕಣ್ಣಿನ ಹಿಂಭಾಗವನ್ನು ನೋಡಲೇಬೇಕಾದ ಕೆಲವರು ಇರುತ್ತಾರೆ ಎಂಬುದು ನನಗೆ ತಿಳಿದದ್ದು ನನ್ನ ಮಗಳ ಕಾಯಿಲೆಯಿಂದ.

ಅವಳಿಗೆ ಏಳನೆಯ ವಯಸ್ಸಿನಿಂದ ಇದ್ದಕ್ಕಿದ್ದಂತೆ ಜ್ವರ, ತಡೆಯಲಾಗದ ಹೊಟ್ಟೆನೋವು ಬರುತ್ತಿದ್ದವು. ಎರಡು ಮೂರು ದಿನ ಮುದುಡಿ ಮಲಗಿದವಳು ನಾಲ್ಕನೆಯ ದಿನ ಏನೂ ಆಗಿಲ್ಲವೆಂಬಂತೆ ಶಾಲೆಗೆ ಹೊರಡುತ್ತಿದ್ದಳು. ಪರೀಕ್ಷೆಯ ಭಯವೆಂದರು, ದೃಷ್ಟಿ ತಾಗಿದೆಯೆಂದರು. ಒಂದು ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಎಂದು ಶಸ್ತ್ರಚಿಕಿತ್ಸೆಯನ್ನೂ ಮಾಡಿದರು; ಹೊಲಿಗೆಯ ಗಾಯ ಪೂರ್ತಿ ಮಾಯುವ ಮೊದಲೇ ಅದೇ ನೋವು ಮರಳಿ ಬಂತು. ಕೊನೆಗೆ ಹುಬ್ಬಳ್ಳಿಯ ತಜ್ಞರೊಬ್ಬರು ವಂಶವಾಹಿ ಪರೀಕ್ಷೆ ಮಾಡಿಸಿ, ಇದು ಫ್ಯಾಮಿಲಿಯಲ್ ಮೆಡಿಟರೇನಿಯನ್ ಫೀವರ್ ಎಂದು ಹೇಳುವ ಹೊತ್ತಿಗೆ ಅವಳಿಗೆ ಹತ್ತೊಂಬತ್ತು ತುಂಬಿತ್ತು.

ಟರ್ಕಿ, ಅರ್ಮೇನಿಯಾ, ಅರಬ್ ದೇಶಗಳ ಜನರಲ್ಲಿ ಮತ್ತು ಯಹೂದಿಗಳಲ್ಲಿ ಹೆಚ್ಚಾಗಿರುವ ಈ ಕಾಯಿಲೆ ನಮ್ಮಲ್ಲಿ ಅಪರೂಪ. ಇದಕ್ಕೆ ಕಾರಣವಾದ ಎಂಇಎಫ್‌ವಿ ಎಂಬ ವಂಶವಾಹಿಯನ್ನು 1997ರಲ್ಲಿ ಗುರುತಿಸಲಾಯಿತು. ಅದರಲ್ಲಿ ದೋಷವಿದ್ದರೆ, ಸೋಂಕೇ ಇಲ್ಲದಿದ್ದರೂ ದೇಹ ಸೋಂಕು ಬಂದಂತೆ ಉರಿಯೂತವನ್ನು ಎಬ್ಬಿಸುತ್ತದೆ. ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ದೋಷದ ಪ್ರತಿ ಬಂದಾಗ ಕಾಯಿಲೆ ಕಾಣಿಸಿಕೊಳ್ಳುತ್ತದೆ. ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ಸಂಬಂಧ ಬಿಟ್ಟುಹೋಗಬಾರದೆಂದು ಹಿರಿಯರು ಮಾಡಿದ ಮದುವೆ ಅದು. ಅವರನ್ನು ನಾನು ದೂರುವುದಿಲ್ಲ. ಆದರೆ ಒಂದೇ ಮನೆತನದೊಳಗೆ ಮದುವೆಯಾದಾಗ ಇಂತಹ ದೋಷಗಳು ಎರಡೂ ಕಡೆಯಿಂದ ಕೂಡಿಬರುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ಮದುವೆಯ ಮಾತುಕತೆಗೆ ಕೂತವರು ತಿಳಿದಿರಬೇಕು.

ಕಾಲ್ಚಿಸಿನ್ ಮಾತ್ರೆ ಈ ಜ್ವರವನ್ನು ತಡೆಯುತ್ತದೆಂಬುದು 1972ರಿಂದ ಗೊತ್ತಿದೆ. ದಿನವೂ ತಪ್ಪದೆ ತೆಗೆದುಕೊಂಡರೆ, ಮೂತ್ರಪಿಂಡದಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗಿ ಮೂತ್ರಪಿಂಡವೇ ಕೆಡುವ ಅಪಾಯವೂ ಬಹುಮಟ್ಟಿಗೆ ತಪ್ಪುತ್ತದೆ. (ಮಳೆಗಾಲದಲ್ಲಿ ಬೇಲಿಗಳ ಮೇಲೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿಯೂ ಇದೇ ಅಂಶವಿದೆ. ಅದು ಪ್ರಾಣಕ್ಕೇ ಎರವಾಗುವ ವಿಷ, ಮನೆಮದ್ದೆಂದು ಯಾರೂ ಅದನ್ನು ಮುಟ್ಟಬಾರದು.) ಆದರೆ ಜ್ವರ ನಿಂತಾಗಲೂ ಕೆಲವರಲ್ಲಿ ಒಳಗಿನ ಉರಿಯೂತ ಸಣ್ಣಗೆ ಮುಂದುವರಿಯುತ್ತದೆ, ರಕ್ತನಾಳಗಳ ಒಳಪದರಕ್ಕೂ ಅದರ ಬಿಸಿ ತಟ್ಟುತ್ತದೆ. ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಲು ಸಿಗುವ ಜಾಗ ಕಣ್ಣಿನ ಹಿಂಭಾಗದ ರೆಟಿನಾ ಎಂಬ ಪದರ. ಬಣ್ಣದ ಚುಚ್ಚುಮದ್ದಿಲ್ಲದೆ ಅಲ್ಲಿಯ ಕೂದಲೆಳೆಯಂತಹ ನಾಳಗಳನ್ನೂ ತೋರಿಸುವ ಓಸಿಟಿ ಆಂಜಿಯೋಗ್ರಫಿ ಯಂತ್ರಗಳು ಬಂದ ಮೇಲೆ, ಈ ರೋಗಿಗಳ ರೆಟಿನಾದ ನಾಳಗಳಲ್ಲಿ ಸೂಕ್ಷ್ಮ ವ್ಯತ್ಯಾಸಗಳಿರುವುದನ್ನು ಸಂಶೋಧಕರು ವರದಿ ಮಾಡಿದ್ದಾರೆ. ಎಲ್ಲ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಈ ವ್ಯತ್ಯಾಸದಿಂದ ದೃಷ್ಟಿ ಹೋಗುತ್ತದೆಂದೂ ಅರ್ಥವಲ್ಲ. ಹಾಗಾಗಿ ರೋಗಿಗಳು ಹೆದರಬೇಕಾಗಿಲ್ಲ. ಹಾಗೆಂದು ನೋಡದೆ ಬಿಡುವುದೂ ಸರಿಯಲ್ಲ.

ಮಗಳ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ ಚಿತ್ರ ತೆಗೆದಾಗ ವೈದ್ಯರು ನನ್ನನ್ನೂ ಒಳಗೆ ಕರೆದರು. ಕೇಸರಿ ಬಣ್ಣದ ದುಂಡಗಿನ ಹಿನ್ನೆಲೆಯ ಮೇಲೆ, ಪುಸ್ತಕದೊಳಗಿಟ್ಟ ಅರಳಿ ಎಲೆ ಒಣಗಿ ನಾರಷ್ಟೇ ಉಳಿದಂತೆ, ಕೆಂಪು ನಾಳಗಳು ಕವಲೊಡೆದು ಹರಡಿದ್ದವು. ಈಗ ಗಾಬರಿಪಡುವಂಥದ್ದೇನೂ ಇಲ್ಲ, ಮುಂದಿನ ವರ್ಷದ ಚಿತ್ರದೊಂದಿಗೆ ಹೋಲಿಸಿ ನೋಡೋಣ ಎಂದರು. ಮರಳುವಾಗ ಬಸ್ಸಿನಲ್ಲಿ ಬಿಸಿಲು ತಡೆಯಲಾಗದೆ ಅವಳು ತಾಯಿಯ ಸೆರಗನ್ನು ಮುಖದ ಮೇಲೆಳೆದುಕೊಂಡು ಬ್ಯಾಡಗಿಯವರೆಗೂ ಹಾಗೆಯೇ ಕುಳಿತಿದ್ದಳು. ವರ್ಷ ಕಳೆದು ನಾವು ಮತ್ತೆ ಹೋದಾಗ ಆ ವೈದ್ಯರು ಬೇರೆಡೆ ಹೋಗಿದ್ದರು, ಯಂತ್ರದಲ್ಲಿ ಹಳೆಯ ಚಿತ್ರ ಸಿಗಲಿಲ್ಲ. ನಮ್ಮ ಕೈಯಲ್ಲಿದ್ದ ಚೀಟಿಯಲ್ಲಿ ‘ನಾರ್ಮಲ್’ ಎಂಬ ಒಂದು ಪದ ಬಿಟ್ಟರೆ ಬೇರೇನೂ ಇರಲಿಲ್ಲ.

ಜಿಲ್ಲಾ ಆರೋಗ್ಯ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಸಕ್ಕರೆ ಕಾಯಿಲೆಯವರ ಕಣ್ಣಿನ ಹಿಂಭಾಗದ ಚಿತ್ರ ತೆಗೆಯಲು ಕ್ಯಾಮೆರಾ ಇರುವ ಕಡೆಗಳಲ್ಲಿ, ವಂಶಪಾರಂಪರ್ಯ ಉರಿಯೂತದ ಕಾಯಿಲೆಯವರಿಗೂ ವರ್ಷಕ್ಕೊಮ್ಮೆ ಅದೇ ಸೌಲಭ್ಯ ಸಿಗಲಿ. ಶಿಬಿರಗಳಲ್ಲಿ ಕಣ್ಣು ನೋಡುವವರು, ಪದೇ ಪದೇ ಜ್ವರ ಬಂದು ತಾನಾಗಿ ಬಿಡುತ್ತದೆಯೇ ಎಂಬ ಒಂದು ಪ್ರಶ್ನೆಯನ್ನೂ ಕೇಳಿ, ಹೌದೆಂದವರನ್ನು ಫಿಸಿಷಿಯನ್ ಬಳಿ ಕಳಿಸಲಿ. ತೆಗೆದ ಚಿತ್ರದ ಪ್ರತಿಯನ್ನು, ಹಿಂದೆ ದಿನಾಂಕ ಬರೆದು, ರೋಗಿಯ ಕೈಗೂ ಕೊಡಲಿ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆ ನಮ್ಮದು.

– ಒಬ್ಬ ನಿವೃತ್ತ ಶಿಕ್ಷಕ, ಬ್ಯಾಡಗಿ