ಬಿ.ಎಚ್. ರಸ್ತೆಯ ಆ ತುದಿಗೆ

ತುಮಕೂರು

ಪ್ರೀತಿಯ ಗೆಳೆಯ,

"ತುಮಕೂರಿಂದ ಹೊನ್ನಾವರಕ್ಕೆ ಮೂರು ದಿನವಾ? ಎತ್ತಿನ ಗಾಡೀಲಿ ಬರ್ತಾ ಇದ್ದೀಯೇನೋ ಮಾರಾಯ?" ಅಂತ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮನೆಯವರೆಲ್ಲ ಕೇಳಿಸಿಕೊಂಡರು. ಅಮ್ಮ ನಕ್ಕಿದ್ದೇ ನಕ್ಕಿದ್ದು. ವರ್ಗವಾಗಿ ಹೋಗಿ ಎರಡು ವರ್ಷ ಆಗಿಲ್ಲ, ಆಗಲೇ 'ಮಾರಾಯ' ಕಲಿತುಬಿಟ್ಟಿದ್ದೀಯ. ಫೋನಿನಲ್ಲಿ ಹೇಳೋಣ ಅಂದರೆ ಮಧ್ಯೆ ಬಾಯಿ ಹಾಕುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನ್ನ ಲೆಕ್ಕ ತಪ್ಪಲ್ಲ. ಹೆಚ್ಚೂಕಡಿಮೆ 350 ಕಿಲೋಮೀಟರ್, ಬೆಳಗ್ಗೆ ಹೊರಟರೆ ಸಂಜೆಗೆ ಸಮುದ್ರ. ಮದುವೆಗೆ ಮುಂಚೆ ನಾವಿಬ್ಬರೂ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಇಳಿದು, ಮುಖ ಕೂಡ ತೊಳೆಯದೆ ನೀರಿಗೆ ಇಳಿದಿದ್ದು ನೆನಪಿದೆ. ಆಗ ನಮ್ಮ ಲಗೇಜು ಇಬ್ಬರಿಗೂ ಸೇರಿ ಒಂದು ಬ್ಯಾಗು. ಈಗ ಹಿಂದಿನ ಸೀಟಿನಲ್ಲಿ ಏಳು ವರ್ಷದ ಮಗಳು, ಮೂರು ವರ್ಷದ ಮಗ, ಮಧ್ಯದಲ್ಲಿ ಮಂಡಿನೋವಿನ ಅಮ್ಮ. ಮೂರು ವರ್ಷದವನಿಗೆ ಯಾವಾಗ ಉಚ್ಚೆ ಬರುತ್ತೆ ಅನ್ನೋದು ಮ್ಯಾಪಿಗೆ ಗೊತ್ತಿಲ್ಲ.

ಹೋದ ವರ್ಷದ ಹಂಪಿ ಕಥೆಯನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಮರ್ಯಾದೆ ಪ್ರಶ್ನೆ. ಈಗ ಹೇಳುತ್ತೇನೆ, ಕೇಳು. ಆಫೀಸಿನಲ್ಲಿ ಎಲ್ಲರೂ ಒಂದೇ ಬುದ್ಧಿ ಹೇಳಿದ್ದರು: ಬೆಳಗ್ಗೆ ನಾಲ್ಕಕ್ಕೆ ಹೊರಡು, ಮಕ್ಕಳು ಮಲಗಿದ ಹಾಗೇ ಎತ್ತಿ ಕಾರಿಗೆ ಹಾಕು, ಅವು ಏಳೋ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತೆ. ಹಾಗೇ ಮಾಡಿದೆ. ತುಮಕೂರು ದಾಟುವ ಮೊದಲೇ ಇಬ್ಬರೂ ಎದ್ದು ಕೂತರು. ಅಮ್ಮ ನಿದ್ದೆಗೆ ಬಿದ್ದರು. ನನಗೂ ಕಣ್ಣು ಎಳೆಯುತ್ತಿತ್ತು, ಅದನ್ನು ಹೆಂಡತಿಗೆ ಹೇಳಲಿಲ್ಲ. ಶಿರಾದ ಹತ್ತಿರ ಬಿಸಿ ಹಾಲು, ಬಿಸ್ಕತ್ತು. ಸುಮ್ಮನಿರಲಿ ಅಂತ ಮಗಳ ಕೈಗೆ ಮೊಬೈಲು. ಇಪ್ಪತ್ತು ನಿಮಿಷ ಆಗಿರಬೇಕು, "ಅಪ್ಪಾ, ಹೊಟ್ಟೆ ಒಂಥರಾ ಆಗ್ತಿದೆ" ಅಂದಳು. ನಾನು ಎಡಗಡೆ ಇಂಡಿಕೇಟರ್ ಹಾಕಿದೆ. ಅಷ್ಟರಲ್ಲಿ ಕುಡಿದ ಹಾಲೆಲ್ಲ ಮೊಬೈಲಿನ ಮೇಲೆ, ಸೀಟಿನ ಮೇಲೆ, ಅಮ್ಮನ ಹೊಸ ಸೀರೆಯ ಮೇಲೆ. ಅದನ್ನು ನೋಡಿ ಚಿಕ್ಕವನೂ ಶುರು ಮಾಡಿದ. ಹೆದ್ದಾರಿ ಪಕ್ಕ ಕಾರು ನಿಲ್ಲಿಸಿ, ಕುಡಿಯೋ ನೀರಿನ ಬಾಟಲಿಯಲ್ಲಿ ಸೀಟು ತೊಳೆದೆವು. ಒಂದೊಂದು ಲಾರಿ ಹಾದುಹೋದಾಗಲೂ ಕಾರು ಅಲ್ಲಾಡುತ್ತಿತ್ತು. ಹಾಲು ಕೊಡಿಸಿದ್ದು ಯಾರು ಅಂತ ನಾವಿಬ್ಬರೂ ಅಲ್ಲೇ ನಿಂತು ಜಗಳ ಆಡಿದೆವು. ಕೊಡಿಸಿದ್ದು ನಾನೇ.

ಹಿರಿಯೂರು ಬರೋ ಹೊತ್ತಿಗೆ ಹಂಪಿಯ ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮಾರಿಕಣಿವೆ ಕಡೆ ತಿರುಗಿಸಿದೆ. ನಮ್ಮ ವಾಣಿವಿಲಾಸ ಸಾಗರ ಕಣೋ, 2022ರಲ್ಲಿ 89 ವರ್ಷಗಳ ನಂತರ ಕೋಡಿ ಬಿತ್ತಲ್ಲ, ಅದೇ. ಮಕ್ಕಳು ಮಧ್ಯಾಹ್ನದವರೆಗೆ ನೀರು ನೋಡಿದರು, ಕೋತಿ ನೋಡಿದರು, ಕಲ್ಲು ಆಯ್ದರು. ಸಂಜೆಗೆ ವಾಪಸ್ ಮನೆ. ಆಮೇಲೆ ಶಾಲೆಯಲ್ಲಿ 'ನಾನು ಮಾಡಿದ ಪ್ರವಾಸ' ಅಂತ ಬರೆಯಲು ಹೇಳಿದರೆ ಮಗಳು ಒಂದೂವರೆ ಪುಟ ಮಾರಿಕಣಿವೆ ಬರೆದಿದ್ದಾಳೆ. ವಾಂತಿಗೂ ಒಂದು ಸಾಲು ಕೊಟ್ಟಿದ್ದಾಳೆ. ಹಂಪಿ ತಪ್ಪಿತು ಅನ್ನೋ ಸಂಕಟ ಇದ್ದಿದ್ದು ನನಗೊಬ್ಬನಿಗೇ.

ಅದಕ್ಕೇ ಈ ಸಲ ರಿಹರ್ಸಲ್ ಮಾಡಿದ್ದೇನೆ. ನಗಬೇಡ. ದೇವರಾಯನದುರ್ಗ ಇಲ್ಲೇ ಇದೆ, ತಿರುವುಗಳೂ ಇವೆ. ಮೊದಲನೇ ಭಾನುವಾರ ಮಗಳ ಕೈಗೆ ಬೇಕಂತಲೇ ಮೊಬೈಲು ಕೊಟ್ಟು ಬೆಟ್ಟ ಹತ್ತಿಸಿದೆ. ಮೂರನೇ ತಿರುವಿಗೇ ಮುಖ ಬೆಳ್ಳಗಾಯಿತು. ಮುಂದಿನ ಭಾನುವಾರ ಮೊಬೈಲು ನನ್ನ ಜೇಬಿನಲ್ಲಿ, ಕಿಟಕಿ ಅರ್ಧ ಕೆಳಗೆ, ಕೋತಿ ಎಣಿಸೋ ಕೆಲಸ ಅವಳಿಗೆ. ಮೂವತ್ತೇಳು ಕೋತಿ, ಸೊನ್ನೆ ವಾಂತಿ. ಇಳಿದು ಬಂದು ನಾಮದ ಚಿಲುಮೆಯಲ್ಲಿ ಜಿಂಕೆ ನೋಡಿಕೊಂಡು ಚಿತ್ರಾನ್ನ ತಿಂದಳು. ಡಾಕ್ಟರು ಹೇಳಿದ್ದೂ ಇದನ್ನೇ. ಕಿವಿಯೊಳಗಿನ ಅಂಗ 'ಓಡ್ತಾ ಇದ್ದೀವಿ' ಅನ್ನುತ್ತೆ, ಮೊಬೈಲಿಗೆ ಅಂಟಿದ ಕಣ್ಣು 'ಇಲ್ಲ, ಕೂತಿದ್ದೀವಿ' ಅನ್ನುತ್ತೆ. ತಲೆಗೆ ಯಾರ ಮಾತು ನಂಬಬೇಕೋ ಗೊತ್ತಾಗದೆ ಹೊಟ್ಟೆ ತೊಳೆಸುತ್ತೆ. ಮಕ್ಕಳ ತೂಕ ನೋಡಿ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ. ಅದನ್ನು ಹತ್ತೋ ಮೊದಲೇ ಕೊಡಬೇಕು. ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಆಚೆ ಬರುತ್ತೆ, ಅಷ್ಟೆ.

ಇನ್ನೊಂದು ಯುದ್ಧ ಚಿಕ್ಕವನ ಸೀಟಿನದು. ಮಕ್ಕಳ ಸೀಟು ತಂದ ದಿನ ಅಮ್ಮ ಒಪ್ಪಲೇ ಇಲ್ಲ. "ಮಗು ನನ್ನ ತೊಡೆ ಮೇಲೆ ಕೂರೋಕೆ ಆಗಲ್ವಾ? ನಿನ್ನನ್ನ ಹಂಗೇ ಧರ್ಮಸ್ಥಳಕ್ಕೆ ಕರ್ಕೊಂಡು ಹೋಗಿಲ್ವಾ?" 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇರಲೇಬೇಕು, ಇಲ್ಲದಿದ್ದರೆ 1000 ರೂಪಾಯಿ ದಂಡ ಅಂದೆ. ದಂಡ ಕಟ್ಟೋಣ ಅಂದರು. ಜೋರಾಗಿ ಬ್ರೇಕ್ ಹಾಕಿದರೆ ಹನ್ನೆರಡು ಕೆಜಿ ಮಗುವನ್ನು ಯಾವ ಕೈಯೂ ಹಿಡಿದುಕೊಳ್ಳೋಕೆ ಆಗಲ್ಲ ಅಂದೆ. ನನ್ನ ಮೇಲೆ ನಂಬಿಕೆ ಇಲ್ಲ ಅಂತ ಮುನಿಸಿಕೊಂಡರು. ಕೊನೆಗೆ ಗೆಲ್ಲಿಸಿದ್ದು ಆ ಮಗುವೇ. ಸೀಟಿನಲ್ಲಿ ಕೂತರೆ ಎತ್ತರ ಆಗುತ್ತೆ, ಹೊರಗಿನ ಟ್ರಾಕ್ಟರು, ಜೆಸಿಬಿ ಎಲ್ಲ ಕಾಣುತ್ತೆ. ಈಗ ಕಾರು ನಿಂತಿದ್ದಾಗಲೂ ಹೋಗಿ ಅದರಲ್ಲೇ ಕೂರುತ್ತಾನೆ. ಊಟಾನೂ ಅಲ್ಲಿಗೇ ಬೇಕಂತೆ.

ಇಷ್ಟಾದ ಮೇಲೆ, ಎಲ್ಲಿಗೆ ಹೋಗೋದು ಅನ್ನೋದು ಮಗಳಿಂದ ಶುರುವಾಯಿತು. ಈಗಷ್ಟೇ ಬೋರ್ಡು ಓದೋ ಹುಚ್ಚು ಹಿಡಿದಿದೆ. ಟೌನ್‌ಹಾಲ್ ಸರ್ಕಲ್ಲಿನಲ್ಲಿ ಸಿಗ್ನಲ್ಲಿಗೆ ನಿಂತಿದ್ದಾಗ ಅಂಗಡಿ ಬೋರ್ಡು ಓದಿ, "ಬಿ.ಎಚ್. ಅಂದರೆ ಏನಪ್ಪಾ?" ಅಂದಳು. ಬೆಂಗಳೂರು–ಹೊನ್ನಾವರ ಅಂದೆ. "ಹೊನ್ನಾವರದಲ್ಲಿ ಏನಿದೆ?" ಸಮುದ್ರ ಇದೆ, ನಿನ್ನ ಅಂಕಲ್ ಇದ್ದಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದೇ ರಸ್ತೇಲಿ ನೇರ ಹೋದರೆ ಸಮುದ್ರ ಸಿಗುತ್ತಾ?" ಅಂದಳು. ನಲವತ್ತು ವರ್ಷದಿಂದ ಈ ರಸ್ತೆಯಲ್ಲಿ ತರಕಾರಿ ತಂದಿದ್ದೇನೆ, ನನಗೆ ಒಂದು ದಿನವೂ ಹಾಗೆ ಅನ್ನಿಸಿರಲಿಲ್ಲ.

ಹೆದ್ದಾರಿ ನಂಬರುಗಳನ್ನೆಲ್ಲ ಬದಲಾಯಿಸಿದ್ದಾರೆ, ನಮ್ಮ ಬಾಯಲ್ಲಿ ಮಾತ್ರ ಅದು ಇನ್ನೂ 206. ತಿಪಟೂರಿನಲ್ಲೂ ಬಿ.ಎಚ್. ರಸ್ತೆ ಇದೆ. ಅರಸೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರದಲ್ಲೂ ಇದೆ. ಪ್ರತಿ ಊರಿನಲ್ಲೂ ಆ ಬೋರ್ಡು ಮೊದಲು ಓದಿದವರಿಗೆ ಒಂದು ಕಡ್ಲೆಮಿಠಾಯಿ. ಇದೇ ಈ ಸಲದ ಆಟ. ಕಣ್ಣು ಕಿಟಕಿಯ ಆಚೆ ಇರುತ್ತೆ, ಮೊಬೈಲಿನ ಮಾತೇ ಬರಲ್ಲ. ಆದರೆ ಬೈಪಾಸಿನಲ್ಲಿ ಹೋದರೆ ಬೋರ್ಡು ಸಿಗಲ್ಲವಲ್ಲ, ಅದಕ್ಕೆ ಬೈಪಾಸ್ ಬಿಟ್ಟು ಊರೊಳಗೇ ನುಗ್ಗುವುದು ಅಂತ ತೀರ್ಮಾನ. ನೀನು ಹುಚ್ಚು ಅನ್ನುತ್ತೀಯ. ಅನ್ನು.

ವಿಜಯದಶಮಿಯ ಮಾರನೇ ದಿನ ಹೊರಡುತ್ತೇವೆ, ಬೆಳಗ್ಗೆ ಏಳಕ್ಕೆ, ಎಲ್ಲರೂ ಕಕ್ಕಸು ಮುಗಿಸಿ, ಇಡ್ಲಿ ತಿಂದ ಮೇಲೆ. ಆಯುಧಪೂಜೆಗೆ ಕಟ್ಟಿದ ಬಾಳೆಕಂದು ಬಿಚ್ಚಬಾರದು ಅಂತ ಚಿಕ್ಕವನ ಹಟ. ಗುಬ್ಬಿ ಬರೋಷ್ಟರಲ್ಲಿ ಗಾಳಿಗೆ ಅದೇ ಕಿತ್ತುಹೋಗುತ್ತೆ, ಬಿಡು. ಗುಬ್ಬಿಯಲ್ಲಿ ಅಮ್ಮನಿಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತೆ. ನಮ್ಮ ತಾತ ಗಾಡಿ ಕಟ್ಟಿಕೊಂಡು ಹೋಗಿ ರಾತ್ರಿಯೆಲ್ಲ ನಾಟಕ ನೋಡಿದ ಕಥೆ ತಿಪಟೂರಿನವರೆಗೆ ಸಾಕು. ತಿಪಟೂರಿನಲ್ಲಿ ಕಾರಿಂದ ಎಲ್ಲರೂ ಇಳಿಯಲೇಬೇಕು, ಬೇಕೋ ಬೇಡವೋ. ಒಂದೂವರೆ ಗಂಟೆಗೊಮ್ಮೆ ಇಳಿಯೋದು ಅಂತ ನಿಯಮ ಮಾಡಿದ್ದೇವೆ. ಮಕ್ಕಳು ಓಡಲಿ, ಅಮ್ಮ ಮಂಡಿ ಬಿಡಿಸಲಿ.

ಅರಸೀಕೆರೆಯ ಈಶ್ವರ ದೇವಸ್ಥಾನದ ನಕ್ಷತ್ರದಂಥ ಮಂಟಪ ನನಗೆ ತುಂಬಾ ಇಷ್ಟ, ಆದರೂ ಬಿಟ್ಟಿದ್ದೇನೆ. ದಿನಕ್ಕೆ ಒಂದೇ ದೇವಸ್ಥಾನ. ಅದು ಅಮೃತಾಪುರ, ತರೀಕೆರೆಯಿಂದ ಸುಮಾರು ಹತ್ತು ಕಿಲೋಮೀಟರ್. 1196ರಲ್ಲಿ ಹೊಯ್ಸಳ ರಾಜ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ್ದು. ಮುಖಮಂಟಪದ ಹೊರಗೋಡೆಯ ಮೇಲೆ ಒಂದು ಕಡೆ ರಾಮಾಯಣ, ಇನ್ನೊಂದು ಕಡೆ ಕೃಷ್ಣನ ಕಥೆ ಮತ್ತು ಮಹಾಭಾರತ, ಚೌಕ ಚೌಕವಾಗಿ ಕೆತ್ತಿದ್ದಾರೆ. ಥೇಟ್ ಚಿತ್ರಕಥೆ ಪುಸ್ತಕದ ಹಾಗೆ. ರಾಮಾಯಣ ಮಾತ್ರ ಉಲ್ಟಾ ಸುತ್ತಿನಲ್ಲಿ ಸಾಗುತ್ತೆ, ನಾವು ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲಿ ಅಲ್ಲ. ಅಜ್ಜಿಯಿಂದ ರಾಮಾಯಣ ಕೇಳಿರೋ ಮಗಳು ಅದನ್ನು ಕಂಡುಹಿಡಿಯುತ್ತಾಳಾ ನೋಡಬೇಕು. ನಾನಂತೂ ಮೊದಲೇ ಹೇಳಲ್ಲ. ಆ ರಾತ್ರಿ ಶಿವಮೊಗ್ಗ. ನೆಲಮಹಡಿಯ ರೂಮು ಹಿಡಿದಿದ್ದೇನೆ, ಬಾಲ್ಕನಿ ಬೇಡ ಅಂತ ಹೇಳಿ.

ಎರಡನೇ ದಿನ ಸಕ್ರೆಬೈಲು. ತೀರ್ಥಹಳ್ಳಿ ರಸ್ತೆಗೆ ಹೋಗಬೇಕು, ಅಂದರೆ ಬಿ.ಎಚ್. ರಸ್ತೆಗೆ ಮೋಸ. ಆದರೆ ಆನೆಗಳು ಬೆಳಗ್ಗೆ ನೀರಿಗಿಳಿದು ಮೈ ಉಜ್ಜಿಸಿಕೊಳ್ಳೋದನ್ನು ಮೂರು ವರ್ಷದವನು ನೋಡಬೇಡವಾ? ದಸರಾ ಮೆರವಣಿಗೆಗೆ ಶಿವಮೊಗ್ಗ ಪೇಟೆಗೆ ಹೋದವು ಅಷ್ಟರಲ್ಲಿ ವಾಪಸ್ ಬಂದಿದ್ದರೆ ಸರಿ. ತ್ಯಾವರೆಕೊಪ್ಪದ ಸಿಂಹಧಾಮ ದಾರಿಯಲ್ಲೇ ಸಿಗುತ್ತೆ, ಆದರೂ ಬೇಡ. ಆನೆ, ಸಿಂಹ ಎರಡೂ ಒಂದೇ ದಿನ ಆದರೆ ರಾತ್ರಿ ಯಾವುದೂ ನೆನಪಿರಲ್ಲ. ಸಂಜೆಗೆ ಸಾಗರ ಸೇರಿ ಬೇಗ ಮಲಗುವುದು.

ಅಮ್ಮನ ಮನಸ್ಸು ಮಾತ್ರ ಶರಾವತಿ ಹಿನ್ನೀರಿನ ಆಚೆಯ ಸಿಗಂದೂರು ಚೌಡೇಶ್ವರಿಯ ಕಡೆ. ಲಾಂಚಿನಲ್ಲಿ ಕಾರು ಹತ್ತಿಸೋದು ಕಷ್ಟ ಅಂತ ಇಷ್ಟು ವರ್ಷ ತಪ್ಪಿಸಿಕೊಳ್ಳುತ್ತಿದ್ದೆ. 2025ರ ಜುಲೈನಲ್ಲಿ ಸೇತುವೆ ಆಯಿತು, ನನ್ನ ನೆಪ ಹೋಯಿತು. "ವಾಪಸ್ ಬರೋವಾಗ ನೋಡೋಣ" ಅಂದಿದ್ದೇನೆ. "ತಾಯಿ ಕರೆಸ್ಕೊಂಡ್ರೆ ನೀನು ಬೇಡ ಅಂದ್ರೂ ಕಾರು ತಿರುಗುತ್ತೆ" ಅಂದರು. ಸ್ಟೀರಿಂಗ್ ನನ್ನ ಕೈಯಲ್ಲಿದೆ ಅಂತ ನಾನು ಅಂದುಕೊಂಡಿದ್ದೇನೆ.

ಮೂರನೇ ದಿನ ಬೆಳಗ್ಗೆಯೇ ಜೋಗ. ಮಂಜು ಕವಿದಿದ್ದರೆ ಕಾಯುತ್ತೇವೆ, ಹತ್ತು ನಿಮಿಷಕ್ಕೊಮ್ಮೆ ತೆರೆ ಸರಿದ ಹಾಗೆ ಸರಿಯುತ್ತಲ್ಲ. 253 ಮೀಟರ್ ಅಂದರೆ ಮಗಳಿಗೆ ಅರ್ಥವಾಗಲ್ಲ. ನಮ್ಮ ಮನೆ ಮೇಲೆ ಮನೆ ಇಟ್ಟರೆ ಎಂಬತ್ತು ಮನೆ ಅಂತ ಲೆಕ್ಕ ಹಾಕಿಕೊಟ್ಟಿದ್ದೇನೆ. ಚಿಕ್ಕವನು ರಾಜ, ರಾಣಿ, ರೋರರ್, ರಾಕೆಟ್ ಬಾಯಿಪಾಠ ಮಾಡಿದ್ದಾನೆ, ರೋರರ್ ಮಾತ್ರ 'ಲೋಲಲ್' ಆಗಿದೆ. ಮೆಟ್ಟಿಲು ಇಳಿಯೋ ಮಾತಿಲ್ಲ. ಆಮೇಲೆ ಗೇರುಸೊಪ್ಪೆ ಘಾಟಿ. ಅಲ್ಲೇ ನನಗೆ ಭಯ. ಅರ್ಧ ಹೊಟ್ಟೆ ತಿಂಡಿ, ಮಾತ್ರೆ, ಮೂವತ್ತರ ಮೇಲೆ ಓಡಿಸಲ್ಲ, ಹಿಂದೆ ಯಾರು ಹಾರ್ನ್ ಹೊಡೆದರೂ ದಾರಿ ಬಿಡುತ್ತೇನೆ. ಎಣಿಸೋಕೆ ಅಲ್ಲಿ ಸಿಂಗಳೀಕ ಇವೆ, ಕಂಡರೆ ನಮ್ಮ ಪುಣ್ಯ.

ಸಾಮಾನಿನ ವಿಷಯ ಬರೆದರೆ ಇನ್ನೊಂದು ಪತ್ರ ಆಗುತ್ತೆ. ಎರಡು ಮಾತ್ರ ಹೇಳುತ್ತೇನೆ. ಅಮ್ಮ ರಾಗಿ ಹುರಿಹಿಟ್ಟು ಮಾಡಿ ಡಬ್ಬಿಗೆ ತುಂಬಿದ್ದಾರೆ. ಹೋಟೆಲು ಸಿಗದ ಕಡೆ ಬೆಲ್ಲ, ಬಿಸಿನೀರು ಹಾಕಿ ಕಲಸಿದರೆ ಮಕ್ಕಳ ಹೊಟ್ಟೆ ತಣ್ಣಗಿರುತ್ತೆ. ಇನ್ನೊಂದು, ಡಿಕ್ಕಿಯಲ್ಲಿ ಎಲ್ಲಕ್ಕಿಂತ ಮೇಲೆ, ಕೈಗೆ ಸಿಗೋ ಹಾಗೆ, ಚಿಕ್ಕವನ ನೀಲಿ ಪಾಟಿ, ಬರೆಯೋದಲ್ಲ, ಕಕ್ಕಸಿಗೆ ಕೂರೋದು. ಬಂಕಿನ ಶೌಚಾಲಯ ನೋಡಿದರೆ ಅವನು ಬಿಗಿಹಿಡಿದು ನಿಂತುಬಿಡುತ್ತಾನೆ. ಮರದ ಕೆಳಗೆ ಪಾಟಿ ಇಟ್ಟರೆ ರಾಜನ ಹಾಗೆ ಕೂರುತ್ತಾನೆ. ಸ್ಟೆಪ್ನಿಗೆ ಗಾಳಿ ಹಾಕಿಸಿದೆ. ನೋಡಿದರೆ ಪೂರ್ತಿ ಖಾಲಿ, ಹಂಪಿಗೂ ಹಾಗೇ ಹೊರಟಿದ್ದೆ! ಹೆದ್ದಾರಿ ಸಹಾಯದ 1033, ತುರ್ತಿಗೆ 112, ಎರಡನ್ನೂ ಹೆಂಡತಿ ರಟ್ಟಿನ ಮೇಲೆ ಬರೆದು ಮುಂದೆ ಅಂಟಿಸಿದ್ದಾಳೆ.

ಈಗ ನಿನ್ನ ಕೆಲಸ. ನಿಮ್ಮ ಹಿತ್ತಲಿನ ಬಾವಿಗೆ ಮುಚ್ಚಳ ಅಥವಾ ಬಲೆ ಹಾಕಿಸು, ನಾವು ಬರೋ ಮೊದಲೇ. ಬಂದ ಮೇಲೆ ಹಾಕೋಣ ಅನ್ನಬೇಡ, ಇವನು ಕಾರಿಂದ ಇಳಿದ ತಕ್ಷಣ ನೀರು ಎಲ್ಲಿದೆ ಅಂತಲೇ ಹುಡುಕೋದು. ಮಧ್ಯಾಹ್ನ ಊಟಕ್ಕೆ ಗಂಜಿ, ಉಪ್ಪಿನಕಾಯಿ ಸಾಕು, ಘಾಟಿ ಇಳಿದ ಹೊಟ್ಟೆಗೆ ಬೇರೇನೂ ಬೇಡ. ನಿನ್ನ ಮೀನಿನ ಪ್ರತಾಪವೆಲ್ಲ ಮಾರನೇ ದಿನ ಇರಲಿ, ಅದೂ ಅಮ್ಮನಿಗೆ ವಾಸನೆ ಬರದ ಹಾಗೆ. ಸಂಜೆ ಬಿಸಿಲು ಇಳಿದ ಮೇಲೆ ನಿಮ್ಮೂರ ಪಕ್ಕದ ಕಾಸರಕೋಡಿನ ಕಡಲಿಗೆ ಹೋಗೋಣ.

ಮತ್ತೆ ಒಂದು ಮುಖ್ಯವಾದ್ದು. ಮಗಳಿಗೆ ಈ ರಸ್ತೆ ಮುಗಿಯೋ ಜಾಗ ನೋಡಬೇಕಂತೆ. ಅಲ್ಲಿ 'ಮುಗಿಯಿತು' ಅಂತ ಬೋರ್ಡು ಇರುತ್ತಾ, ಇಲ್ಲಾ ರಸ್ತೆ ಹಾಗೇ ಸಮುದ್ರದೊಳಗೆ ಹೋಗುತ್ತಾ ಅಂತ ದಿನಾ ಕೇಳುತ್ತಾಳೆ. ಕರಾವಳಿಯ ಹೆದ್ದಾರಿಗೆ ಸೇರಿಕೊಳ್ಳುತ್ತೆ ಅಂದರೆ ಅವಳಿಗೆ ಸಮಾಧಾನ ಇಲ್ಲ. ನೀನು ಅಲ್ಲೇ ಇರೋನು, ಒಂದು ಭಾನುವಾರ ಹೋಗಿ ಸರಿಯಾದ ಜಾಗ ನೋಡಿಟ್ಟುಕೋ. ಬೋರ್ಡು ಇಲ್ಲದಿದ್ದರೆ ಒಂದು ರಟ್ಟು, ಒಂದು ಸ್ಕೆಚ್ ಪೆನ್ನು ತಗೊಂಡು ಬಾ.

ನಿನ್ನ
ತುಮಕೂರಿನವನು

ಮರೆತಿದ್ದೆ: ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಾ ಅಂದಿದ್ದೆಯಲ್ಲ. ಮೂರನೇ ದಿನದ ತಟ್ಟೆ ಇಡ್ಲಿ ತಿನ್ನೋ ಧೈರ್ಯ ಇದ್ದರೆ ಹೇಳು, ತರುತ್ತೇನೆ. ಇಲ್ಲದಿದ್ದರೆ ತಿಪಟೂರಿನ ಕೊಬ್ಬರಿಗೆ ತೃಪ್ತಿಪಡು.