ಹಿರಿಯರ ಚಾರಣ: ಇಳಿಯುವ ದಾರಿಯಿಂದ ಲೆಕ್ಕ ಶುರುವಾಗಲಿ

ಸಂಪಾದಕರಿಗೆ,

ಮಳೆ ಬಿಟ್ಟು ದಾರಿ ಒಣಗುತ್ತಿದ್ದಂತೆ ಬೆಳಗಿನ ವಾಕಿಂಗ್ ಬಳಗಗಳು ಪಾರ್ಕು ಬಿಟ್ಟು ಬೆಟ್ಟದ ಕಡೆ ಮುಖ ಮಾಡುತ್ತವೆ. ಅರವತ್ತು ದಾಟಿದವರು, ಎಪ್ಪತ್ತರ ಆಸುಪಾಸಿನವರು ಹತ್ತು ಹದಿನೈದು ಮಂದಿ ಸೇರಿ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಚಾಮುಂಡಿ, ನಂದಿ, ಶಿವಗಂಗೆ, ಮುಳ್ಳಯ್ಯನಗಿರಿ ಎಂದು ಹೊರಡುವುದು ಈಗ ಅಪರೂಪವೇನಲ್ಲ. ಇದು ಇನ್ನೂ ಹೆಚ್ಚಬೇಕು ಎನ್ನುವವರು ನಾವು. ಆದರೆ ಈ ತಂಡಗಳ ತಯಾರಿಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಎಲ್ಲರೂ ಹತ್ತುವುದಕ್ಕೆ ಸಿದ್ಧರಾಗಿ ಬರುತ್ತಾರೆ, ಇಳಿಯುವುದಕ್ಕೆ ಸಿದ್ಧರಾಗಿ ಬರುವವರು ಕಡಿಮೆ.

ಹತ್ತುವಾಗ ದೇಹವೇ ಎಚ್ಚರಿಸುತ್ತದೆ. ಉಸಿರು ಮೇಲಕ್ಕೆ ಹೋಗುತ್ತದೆ, ಮಾತು ಕಡಿಯುತ್ತದೆ, ತಾನಾಗಿಯೇ ನಿಲ್ಲುತ್ತೇವೆ. ಇಳಿಯುವಾಗ ಉಸಿರಿಗೆ ಏನೂ ತೊಂದರೆ ಇರುವುದಿಲ್ಲ, ಹಾಗಾಗಿ ಸುಸ್ತಾಗಿದೆ ಎಂಬುದೇ ತಿಳಿಯುವುದಿಲ್ಲ. ಆದರೆ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಇಡೀ ದೇಹದ ಭಾರವನ್ನು ಹಿಡಿದು ನಿಲ್ಲಿಸಬೇಕು. ಸಮತಟ್ಟು ಉದ್ಯಾನದಲ್ಲಿ ದಿನಕ್ಕೆ ಐದು ಕಿಲೋಮೀಟರ್ ನಡೆದವರಿಗೂ ಈ ಕೆಲಸದ ಅಭ್ಯಾಸ ಇರುವುದಿಲ್ಲ. ಇಳಿಯತೊಡಗಿ ಒಂದು ಗಂಟೆಯಾದ ಮೇಲೆ ಕಾಲು ನಡುಗಲು ಶುರುವಾಗುತ್ತದೆ. ಬೀಳುವುದು ಆಗಲೇ.

ಇದಕ್ಕೆ ಮನೆಯಲ್ಲೇ ತಯಾರಿ ಸಾಧ್ಯ. ಕುರ್ಚಿಯ ಮುಂದೆ ನಿಂತು, ಕೈ ಊರದೆ, ಒಂದು ಎರಡು ಮೂರು ನಾಲ್ಕು ಎಂದು ಎಣಿಸುತ್ತಾ ನಿಧಾನ ಕೂರಬೇಕು. ದೊಪ್ಪನೆ ಕೂತರೆ ಪ್ರಯೋಜನವಿಲ್ಲ. ಹತ್ತು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಹತ್ತು. ಆಮೇಲೆ ಮೆಟ್ಟಿಲು. ಅಪಾರ್ಟ್‌ಮೆಂಟಿನಲ್ಲಿ ಇರುವವರು ಲಿಫ್ಟಿನಲ್ಲಿ ಮೇಲೆ ಹೋಗಿ, ಕಂಬಿಯ ಪಕ್ಕದಲ್ಲೇ ಇದ್ದುಕೊಂಡು ನಡೆದು ಇಳಿಯಲಿ. ಇದು ನಮ್ಮ ರೂಢಿಗೆ ತೀರಾ ತಿರುವುಮುರುವು, ಆದರೂ ಕೆಲಸಕ್ಕೆ ಬರುವುದು ಇದೇ. ಒಂದು ಮಹಡಿ ಎಂದರೆ ಸುಮಾರು 3 ಮೀಟರ್. ವಾರಕ್ಕೆ ಎರಡು ದಿನ ಐದು ಮಹಡಿಯಿಂದ ಶುರು ಮಾಡಿ, ಆರು ವಾರದಲ್ಲಿ ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಮಹಡಿ ಇಳಿಯುವ ಮಟ್ಟಕ್ಕೆ ಬರಬಹುದು. ಮೊದಲ ಸಲದ ತೊಡೆನೋವು ಎರಡನೇ ದಿನ ಜೋರಾಗಿರುತ್ತದೆ. ಅದಕ್ಕೇ ಚಾರಣದ ಹಿಂದಿನ ಮೂರು ದಿನ ಈ ಅಭ್ಯಾಸ ಬೇಡ.

ಇನ್ನು ಬೆಟ್ಟದ ಆಯ್ಕೆ. ಮಂಡಿನೋವು ಇದ್ದವರು ಬೆಟ್ಟದ ಆಸೆಯನ್ನೇ ಬಿಡಬೇಕಿಲ್ಲ, ನಡೆದು ಹತ್ತಿ ವಾಹನದಲ್ಲಿ ಇಳಿದರಾಯಿತು. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸುಮಾರು 1,000 ಮೆಟ್ಟಿಲು, 700ನೇ ಮೆಟ್ಟಿಲ ಹತ್ತಿರ ನಂದಿ ವಿಗ್ರಹ. ಮೇಲಿಂದ ಸಿಟಿ ಬಸ್ಸು ಸಿಗುತ್ತದೆ. ನಂದಿಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಲ್ಲಿ ಹತ್ತಿದವರೂ ರಸ್ತೆಯಲ್ಲಿ ಇಳಿಯಬಹುದು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗೂ ಸರ್ಪದಾರಿ ಎಂಬಲ್ಲಿಂದ ಕಾಲುದಾರಿ ಹಿಡಿದು ಹತ್ತಿದರೆ, ಶಿಖರದ ಮೆಟ್ಟಿಲ ಬುಡದಲ್ಲಿ ವಾಹನ ಹತ್ತಬಹುದು. ಇಂಥ ಜಾಗಗಳಲ್ಲಿ ವಾರಾಂತ್ಯಕ್ಕೆ ವಾಹನಗಳ ಮೇಲೆ ನಿರ್ಬಂಧ ಇರುವುದುಂಟು. ವಾರದ ನಡುವಿನ ದಿನ ಹೋಗುವುದು ನಿವೃತ್ತರಿಗೆ ಕಷ್ಟವೇ?

ಕುಮಾರಪರ್ವತ ಬೇರೆ ಮಾತು. ಅದು 1,712 ಮೀಟರ್. ಕುಕ್ಕೆಯಿಂದ ಹೊರಟರೆ 12–13 ಕಿ.ಮೀ. ದಾರಿ, ಸುಮಾರು 1,600 ಮೀಟರ್ ಏರು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಒಂದು ಸರಳ ಲೆಕ್ಕವಿದೆ: 5 ಕಿ.ಮೀ.ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ಕುಕ್ಕೆಯಿಂದ ಶಿಖರಕ್ಕೆ ಐದು ಗಂಟೆ ಹತ್ತು ನಿಮಿಷ. ಇದು ಗಟ್ಟಿಮುಟ್ಟಾದ ಯುವಕರು ವಿಶ್ರಾಂತಿಯಿಲ್ಲದೆ ನಡೆದರೆ ಆಗುವ ಹೊತ್ತು. ಹಿರಿಯರ ತಂಡಕ್ಕೆ ಒಂದೂವರೆ ಪಟ್ಟು ಹಿಡಿಯಬೇಕು, ಅಂದರೆ ಏಳೂಮುಕ್ಕಾಲು ಗಂಟೆ. ಕಡಿದಾದ ಇಳಿಜಾರಿನಲ್ಲಿ ಹಿರಿಯರಿಗೆ ಇಳಿಯುವ ಹೊತ್ತನ್ನು ಹತ್ತಿದ ಹೊತ್ತಿಗಿಂತ ಕಡಿಮೆ ಎಂದು ಎಣಿಸಲೇಬಾರದು. ಎರಡೂ ಸೇರಿ ಹದಿನೈದು ಗಂಟೆ ಮೀರಿತು, ಇಷ್ಟು ಬೆಳಕು ನಮ್ಮ ಯಾವ ದಿನದಲ್ಲೂ ಇಲ್ಲ. ಡಿಸೆಂಬರಿನಲ್ಲಿ ಸಂಜೆ ಆರರ ಮೇಲೆ ಸೂರ್ಯ ಮುಳುಗಿದರೆ, ಮರದಡಿಯ ದಾರಿಯಲ್ಲಿ ಅರ್ಧ ಗಂಟೆ ಮೊದಲೇ ಕತ್ತಲು. ದಾರಿಯ ನಡುವೆ ಸಿಗುವ ಭಟ್ಟರ ಮನೆಯವರೆಗೆ ಹೋಗಿ ಹಿಂತಿರುಗುವುದು ಹಿರಿಯರಿಗೆ ಪೂರ್ತಿ ಒಂದು ದಿನದ ಒಳ್ಳೆಯ ಚಾರಣ. ಅದನ್ನು ಅರ್ಧಕ್ಕೆ ಬಿಟ್ಟ ಚಾರಣ ಎಂದು ಕರೆಯುವುದನ್ನು ಆಯೋಜಕರು ಮೊದಲು ನಿಲ್ಲಿಸಬೇಕು.

ಹಿಂತಿರುಗುವ ಗಂಟೆಯನ್ನು ಬುಡದಲ್ಲೇ ನಿಗದಿ ಮಾಡಿ ಎಲ್ಲರಿಗೂ ಕೇಳುವಂತೆ ಹೇಳಬೇಕು. ಹನ್ನೊಂದೂವರೆ ಎಂದರೆ ಹನ್ನೊಂದೂವರೆ. ಶಿಖರ ಕಣ್ಣೆದುರಿಗಿದ್ದರೂ ಸರಿಯೇ.

ನಡಿಗೆಯ ಕ್ರಮದಲ್ಲೂ ಒಂದು ಅನ್ಯಾಯ ನಡೆಯುತ್ತದೆ. ಮುಂದಿನವರು ಬೇಗ ಹೋಗಿ ಬಂಡೆಯ ಮೇಲೆ ಕೂತು, ನೀರು ಕುಡಿದು, ಕಡಲೆಕಾಯಿ ತಿಂದು, ಹತ್ತು ನಿಮಿಷ ಆರಾಮಾಗಿರುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಸೇರುವಾಗ "ಸರಿ, ಎಲ್ಲರೂ ಬಂದ್ರಲ್ಲ, ಹೊರಡೋಣ" ಎಂದು ಎದ್ದುಬಿಡುತ್ತಾರೆ. ಅತಿ ಹೆಚ್ಚು ವಿಶ್ರಾಂತಿ ಬೇಕಾದವರಿಗೆ ಒಂದು ನಿಮಿಷವೂ ಸಿಗುವುದಿಲ್ಲ. ಕೊನೆಯವರು ಬಂದು ಕೂತ ಮೇಲೆಯೇ ವಿಶ್ರಾಂತಿಯ ಐದು ನಿಮಿಷದ ಎಣಿಕೆ ಶುರುವಾಗಬೇಕು. ಅತಿ ನಿಧಾನದವರನ್ನು ಮುಂದಾಳುವಿನ ಬೆನ್ನಿಗೇ, ಎರಡನೆಯವರಾಗಿ ನಡೆಸಬೇಕು. ಆಗ ತಂಡದ ವೇಗ ತಾನಾಗಿ ಅವರದಾಗುತ್ತದೆ. ಕಟ್ಟಕಡೆಗೆ ಅನುಭವಿಯೊಬ್ಬರು ಇರಬೇಕು, ಅವರು ಯಾರನ್ನೂ ದಾಟಿ ಹೋಗುವಂತಿಲ್ಲ. ಮುಖ್ಯವಾಗಿ, ಸುಸ್ತಾದವರನ್ನು "ನೀವು ಇಲ್ಲೇ ಕೂತಿರಿ ಅಣ್ಣಾ, ನಾವು ಹೋಗಿ ಬರ್ತೀವಿ" ಎಂದು ಒಂಟಿಯಾಗಿ ಬಿಟ್ಟು ಹೋಗಲೇಬಾರದು. ಆನೆ, ಕಾಟಿ ಓಡಾಡುವ ಕಾಡು ಅದು, ಕೂತವರಿಗೆ ಎದೆನೋವು ಬಂದರೆ ನೋಡುವವರೂ ಇಲ್ಲ. ಒಬ್ಬರು ಹಿಂತಿರುಗಿದರೆ ಜೊತೆಗೆ ಇಬ್ಬರು ಹಿಂತಿರುಗಬೇಕು. ಹಾಗೆ ಹಿಂತಿರುಗುವವರು ಯಾರು ಎಂಬುದೂ ಬುಡದಲ್ಲೇ ತೀರ್ಮಾನವಾಗಿರಲಿ.

ಕನ್ನಡಕದ ವಿಷಯವನ್ನು ಚಾರಣದ ಸೂಚನಾಪಟ್ಟಿಗಳಲ್ಲಿ ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಗಾಜಿನ ಕೆಳಭಾಗ ಇರುವುದು ಓದುವುದಕ್ಕೆ. ಇಳಿಯುವಾಗ ಕಾಲಿನ ಮುಂದಿನ ಮೆಟ್ಟಿಲನ್ನು ನೋಡುವುದು ಆ ಭಾಗದಿಂದಲೇ, ಹಾಗಾಗಿ ಮೆಟ್ಟಿಲಿನ ಅಂಚು ಮಸುಕಾಗಿ, ಆಳ ತಪ್ಪಾಗಿ ಕಾಣುತ್ತದೆ. ದೂರದೃಷ್ಟಿಗೆ ಮಾತ್ರ ಮಾಡಿಸಿದ ಒಂದು ಜೊತೆ ಕನ್ನಡಕ ಬೆಟ್ಟಕ್ಕೆಂದೇ ಇರಲಿ. ಬಿಸಿಲಿನಿಂದ ಮರದ ನೆರಳಿಗೆ ನುಗ್ಗುವಲ್ಲಿ ಅರ್ಧ ನಿಮಿಷ ನಿಲ್ಲಬೇಕು. ವಯಸ್ಸಾದ ಕಣ್ಣು ಮಬ್ಬಿಗೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಬೂಟು ಹೊಸದಾಗಿದ್ದರೆ ಕಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೀರುವಿನಲ್ಲಿ ಐದಾರು ವರ್ಷ ಜೋಪಾನವಾಗಿ ಇಟ್ಟ ಬೂಟು ಅದಕ್ಕಿಂತ ಅಪಾಯ. ಅಡಿಯ ಮೆತ್ತನೆ ಪದರ ಪಾಲಿಯುರೆಥೇನಿನದ್ದಾಗಿದ್ದರೆ ಗಾಳಿಯ ತೇವಕ್ಕೆ ಒಳಗೊಳಗೇ ಕೊಳೆಯುತ್ತದೆ. ನೋಡಲು ಹೊಸದರಂತೆ ಇರುತ್ತದೆ, ಬೆಟ್ಟದ ಮೇಲೆ ಅಡಿಭಾಗ ಪೂರ್ತಿ ಕಿತ್ತು ಬರುತ್ತದೆ. ಹೊರಡುವ ವಾರ ಮೊದಲು ಪಕ್ಕದ ಪದರವನ್ನು ಹೆಬ್ಬೆರಳಿನಿಂದ ಒತ್ತಿ, ಬೂಟನ್ನು ಬಗ್ಗಿಸಿ ನೋಡಿ. ಬಿರುಕು ಬಿಟ್ಟರೆ, ಪುಡಿ ಉದುರಿದರೆ ಅದರ ಆಯುಷ್ಯ ಮುಗಿದಿದೆ. ಇಳಿಯಲು ಹೊರಡುವ ಮುಂಚೆ ಎಲ್ಲರೂ ಕೂತು ಲೇಸು ಬಿಚ್ಚಿ ಮತ್ತೆ ಕಟ್ಟಬೇಕು: ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿ, ಬೆರಳಿನ ಕಡೆ ಸಡಿಲ. ಇಲ್ಲದಿದ್ದರೆ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ಮಧುಮೇಹ ಇದ್ದವರಿಗೆ ಅದು ತಿಂಗಳುಗಟ್ಟಲೆ ಕಾಡುವ ಗಾಯವಾಗಬಹುದು.

ಕೋಲು ಒಂದಲ್ಲ, ಎರಡು ಬೇಕು. ಸಮತಟ್ಟಿನಲ್ಲಿ ಹಿಡಿದಾಗ ಮೊಣಕೈ ಲಂಬಕೋನದಲ್ಲಿರಬೇಕು, ಇಳಿಯುವಾಗ ಅದಕ್ಕಿಂತ 5–10 ಸೆಂ.ಮೀ. ಉದ್ದ ಮಾಡಿಕೊಳ್ಳಬೇಕು. ತಿರುಗಿಸಿ ಬಿಗಿ ಮಾಡುವ ಕೋಲುಗಳು ಭಾರ ಬಿದ್ದಾಗ ಥಟ್ಟನೆ ಒಳಗೆ ಸರಿದು ಮೋಸ ಮಾಡುವುದುಂಟು. ಪ್ರತಿ ಸಲ ನೆಲಕ್ಕೆ ಊರಿ ಮೈಭಾರ ಹಾಕಿ ಪರೀಕ್ಷಿಸಿಯೇ ಹೆಜ್ಜೆ ಇಡಿ. ಬಂಡೆಗೆ ರಬ್ಬರ್ ತುದಿ, ಮಣ್ಣಿಗೆ ಉಕ್ಕಿನ ಮೊನೆ. ಸಾವನದುರ್ಗದಂಥ ಹಾಸುಬಂಡೆಯ ಮೇಲೆ ಸಣ್ಣ ಮರಳು ಹರಡಿದ ಕಡೆ, ರಾಗಿ ಚೆಲ್ಲಿದ ಸಿಮೆಂಟು ನೆಲದ ಮೇಲೆ ನಡೆದಂತೆಯೇ. ಅಲ್ಲಿ ಹಿಂದಕ್ಕೆ ವಾಲಿ ಹಿಮ್ಮಡಿ ಊರಿದರೆ ಜಾರುವುದು ಖಂಡಿತ. ಮಂಡಿ ಸ್ವಲ್ಪ ಬಗ್ಗಿಸಿ, ಪಾದ ಪೂರ್ತಿ ಊರಿ, ಗೇಣುದ್ದದ ಹೆಜ್ಜೆ ಇಡಬೇಕು. ಶಿವಗಂಗೆಯ ಮೇಲ್ಭಾಗದ ಕಡಿದಾದ ಮೆಟ್ಟಿಲುಗಳಲ್ಲಿ ಕೋಲನ್ನು ಚೀಲಕ್ಕೆ ಸಿಕ್ಕಿಸಿ ಎರಡೂ ಕೈಯಲ್ಲಿ ಕಂಬಿ ಹಿಡಿಯಬೇಕು. ಕೈಯಲ್ಲಿ ತಿಂಡಿಯ ಕವರ್ ಬೇಡವೇ ಬೇಡ, ಕೋತಿ ಕಿತ್ತುಕೊಳ್ಳುವ ರಭಸಕ್ಕೆ ಆಯ ತಪ್ಪುತ್ತದೆ.

ಮಾತ್ರೆಗಳ ಬಗ್ಗೆ ಹೆಚ್ಚು ಕಾಳಜಿ ಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಎಂದಿನಂತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಎರಡು ಬಿಸ್ಕತ್ತು ತಿಂದು ಬಸ್ಸು ಹತ್ತಿದವರಿಗೆ ಏರಿನ ಮಧ್ಯೆ ಸಕ್ಕರೆ ಕುಸಿಯಬಹುದು. ಮೈ ಬೆವರುವುದು ಅದರ ಲಕ್ಷಣ, ಆದರೆ ಬೆಟ್ಟದಲ್ಲಿ ಎಲ್ಲರ ಮೈಯೂ ಬೆವರಿರುವುದರಿಂದ ಗೊತ್ತಾಗುವುದಿಲ್ಲ. ಗಮನಿಸಬೇಕಾದ್ದು ಸ್ವಭಾವ. ಹಸನ್ಮುಖಿಯಾದವರು ಇದ್ದಕ್ಕಿದ್ದಂತೆ ಸಿಡುಕಿದರೆ, "ನಂಗೇನೂ ಆಗಿಲ್ಲ, ಬಿಡಿ" ಎಂದು ಗದರಿದರೆ, ಕೋಲು ಹಿಡಿದ ಕೈ ನಡುಗಿದರೆ ಕೂರಿಸಿ ಮೂರು ನಾಲ್ಕು ಟೀ ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಿ. ಹದಿನೈದು ನಿಮಿಷ ನೋಡಿ, ಚೇತರಿಕೆ ಕಾಣದಿದ್ದರೆ ಇನ್ನೊಂದು ಸಲ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ಶ್ರಮವಾದರೂ ಹೆಚ್ಚು ಏರುವುದಿಲ್ಲ, ಕೈಗಡಿಯಾರದ ಅಂಕಿ ನಂಬಿ ಮುಂದುವರಿಯುವುದು ತಪ್ಪು. ಪೂರ್ತಿ ಒಂದು ವಾಕ್ಯ ಮಾತಾಡಲು ಆಗುತ್ತದೆಯೇ ಎಂಬುದೇ ಅವರಿಗೆ ಅಳತೆ. ಪ್ರಾಸ್ಟೇಟಿನ ಕೆಲವು ಮಾತ್ರೆಗಳಿಂದ, ಊಟ ಮಾಡಿ ಕೂತು ಥಟ್ಟನೆ ಎದ್ದಾಗ ತಲೆ ಸುತ್ತುತ್ತದೆ. ಎದ್ದ ಮೇಲೆ ಒಂದು ನಿಮಿಷ ನಿಂತು ಹೆಜ್ಜೆ ಹಾಕಲಿ. ಯಾವ ಮಾತ್ರೆಯನ್ನೂ ಸ್ವಂತ ತೀರ್ಮಾನದಿಂದ ಬಿಡಬಾರದು, ಚಾರಣದ ದಿನ ಹೊತ್ತು, ಪ್ರಮಾಣ ಹೇಗಿರಬೇಕೆಂದು ವೈದ್ಯರನ್ನೇ ಕೇಳಬೇಕು. ಎದೆ ಹಿಡಿದುಕೊಂಡರೆ ಅಲ್ಲೇ ಕೂರಿಸಿ, "ನಿಧಾನ ಇಳಿಯೋಣ" ಎಂದು ನಡೆಸಬೇಡಿ. 108ಕ್ಕೆ ಕರೆ ಹೋಗುವ ಸಿಗ್ನಲ್ ದಾರಿಯಲ್ಲಿ ಎಲ್ಲೆಲ್ಲಿ ಸಿಗುತ್ತದೆ ಎಂದು ಹತ್ತುವಾಗಲೇ ಗುರುತು ಮಾಡಿಕೊಂಡಿರಬೇಕು. ಒಬ್ಬರನ್ನು ಹೊತ್ತು ತರಲು ಒಮ್ಮೆಗೆ ಆರು ಜನ ಬೇಕು, ಕೈ ಬದಲಿಸಲು ಇನ್ನೂ ಆರು.

ಮಲೆನಾಡಿಗೆ ಹೋಗುವವರಿಗೆ ಇನ್ನೊಂದು ಮಾತು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಉಣುಗು ಕಚ್ಚಿದೆಯೇ ಎಂದು ಮೈಯೆಲ್ಲ ನೋಡಿಕೊಳ್ಳಿ.

ಅರಣ್ಯ ಇಲಾಖೆಗೆ ನಮ್ಮ ಮನವಿ ಹೀಗಿದೆ. 2024ರಲ್ಲಿ ಚಾರಣಪಥಗಳಿಗೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ 300 ಜನರ ಮಿತಿ ಹಾಕಿದ್ದು ಒಳ್ಳೆಯ ಕೆಲಸ. ಅದೇ ಪುಟದಲ್ಲಿ ಪಥದ ಉದ್ದದ ಜೊತೆಗೆ ಒಟ್ಟು ಏರು ಎಷ್ಟು ಮೀಟರ್, ಕೊನೆಯ ನೀರು ಎಲ್ಲಿ, ಕಡಿದಾದ ಭಾಗ ಎಲ್ಲಿಂದ ಎಲ್ಲಿಗೆ ಎಂಬುದನ್ನು ಎದ್ದು ಕಾಣುವಂತೆ ಹಾಕಬೇಕು. ಕಿಲೋಮೀಟರ್ ಮಾತ್ರ ನೋಡಿ ಹೊರಟವರೇ ಮಧ್ಯದಲ್ಲಿ ಸಿಕ್ಕಿಕೊಳ್ಳುವುದು. ಅರವತ್ತು ದಾಟಿದವರ ತಂಡಗಳಿಗೆ ದಿನದ ಮೊದಲ ಪ್ರವೇಶ ಸಿಗಬೇಕು, ಒಂದು ಗಂಟೆ ಮೊದಲು ಬಿಟ್ಟರೆ ಅದು ಪೂರ್ತಿ ಇಳಿಯುವ ಹೊತ್ತಿಗೆ ಸೇರುತ್ತದೆ.

ಜೊತೆಗೆ ಶೌಚಾಲಯ. ಹಿರಿಯರು, ಅದರಲ್ಲೂ ಹೆಂಗಸರು, ಬೆಟ್ಟದಲ್ಲಿ ನೀರು ಕುಡಿಯುವುದಿಲ್ಲ ಎಂದು ಆಯೋಜಕರು ದೂರುತ್ತಾರೆ. ಕುಡಿದರೆ ಹೋಗುವುದೆಲ್ಲಿಗೆ ಎಂದು ಹೆದರಿ ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟಿರುತ್ತಾರೆ. ಮಧ್ಯಾಹ್ನ ಇಳಿಯುವಾಗ ಕಾಲು ಸೆಳೆತ, ತಲೆಸುತ್ತು ಬರುವುದಕ್ಕೆ ಅದೊಂದು ದೊಡ್ಡ ಕಾರಣ. ಕಾಡಿನೊಳಗೆ ಏನನ್ನೂ ಕಟ್ಟುವುದು ಬೇಡ. ಟಿಕೆಟ್ ನೋಡುವ ಚೆಕ್‌ಪೋಸ್ಟಿನ ಪಕ್ಕದಲ್ಲಿ, ನಲ್ಲಿಯಲ್ಲಿ ನೀರು ಬರುವ, ಹಿಡಿದು ಏಳಲು ಗೋಡೆಗೊಂದು ಕಂಬಿ ಇರುವ ಎರಡು ಶೌಚಾಲಯ ಸಾಕು. ಚಾರಣಿಗರನ್ನು ಒಳಗೆ ಬಿಡುವ ಹೊತ್ತಿಗೆ ಅವುಗಳ ಬೀಗ ತೆಗೆದಿರಲಿ.

ಇಂತಿ,
ಹಿರಿಯರ ಚಾರಣ ಬಳಗವೊಂದರ ಆಯೋಜಕರು,
ಮೈಸೂರು