ಸೋಲುತ್ತಿರುವ ತಂಡ, ಮಾಗದ ಮೊಣಕಾಲು

ಮಾನ್ಯ ಸಂಪಾದಕರೇ,

ಮಳೆಗಾಲದ ಸಂಜೆ ಕೊಡೆ ಹಿಡಿದು ಮಂಗಳೂರಿನ ನೆಹರೂ ಮೈದಾನದ ಬದಿಯಲ್ಲಿ ನಿಂತು ಹುಡುಗರ ಫುಟ್ಬಾಲ್ ನೋಡುವುದು ನಿವೃತ್ತಿಯ ನಂತರವೂ ಬಿಡದ ನನ್ನ ಚಟ. ಈ ವರ್ಷ ಅಲ್ಲಿ ಆಟಕ್ಕಿಂತ ಹೆಚ್ಚಾಗಿ ಒಂದು ವಾದ ಕಿವಿಗೆ ಬೀಳುತ್ತಿದೆ. ನಗರದ ಕಾಲೇಜೊಂದರ ತಂಡ ಸತತ ಐದು ಪಂದ್ಯ ಸೋತಿದೆ. ಅದರ ಆಧಾರಸ್ತಂಭವಾಗಿದ್ದ ಮಿಡ್‌ಫೀಲ್ಡರ್ ಮೊಣಕಾಲಿನ ಎಸಿಎಲ್ ಲಿಗಮೆಂಟ್ (ಮಂಡಿಯೊಳಗೆ ಮೇಲಿನ, ಕೆಳಗಿನ ಎಲುಬುಗಳನ್ನು ಹಿಡಿದಿಡುವ ಗಟ್ಟಿ ನಾರು) ಹರಿದುಕೊಂಡು ಕಳೆದ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. ಈಗ ಐದು ತಿಂಗಳಾಗಿದೆ. ಊತ ಇಳಿದಿದೆ, ನೋವಿಲ್ಲ ಎನ್ನುತ್ತಾನೆ, ಮೈದಾನದ ಸುತ್ತ ಓಡುತ್ತಾನೆ. ಉಳಿದಿರುವ ಮೂರು ಪಂದ್ಯಗಳಿಗೆ ಅವನನ್ನು ಇಳಿಸಬೇಕೆಂದು ಹಳೆ ವಿದ್ಯಾರ್ಥಿಗಳು ಪಟ್ಟು ಹಿಡಿದಿದ್ದಾರೆ. ಹುಡುಗನ ಮೇಲೆ ಈಗಾಗಲೇ ಸಾಕಷ್ಟು ಭಾರ ಬಿದ್ದಿರುವುದರಿಂದ ಅವನ ಹೆಸರನ್ನೂ ಕಾಲೇಜಿನ ಹೆಸರನ್ನೂ ನಾನು ಬರೆಯುವುದಿಲ್ಲ. ಆದರೆ ಅವನನ್ನು ಇಳಿಸಬಾರದು ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕೆನಿಸಿದೆ.

ನೋವಿಲ್ಲ ಎಂಬ ಮಾತೇ ಇಲ್ಲಿ ಎಲ್ಲರನ್ನೂ ದಾರಿ ತಪ್ಪಿಸುತ್ತಿದೆ. ಹರಿದ ಎಸಿಎಲ್ ಅನ್ನು ಹಾಗೆಯೇ ಹೊಲಿದು ಬಿಡುವುದಲ್ಲ. ಸಾಮಾನ್ಯವಾಗಿ ಆಟಗಾರನ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜಿನ ತುಂಡೊಂದನ್ನು ತೆಗೆದು, ಎಲುಬಿನಲ್ಲಿ ಕೊರೆದ ರಂಧ್ರದ ಮೂಲಕ ಹಾಯಿಸಿ ಬಿಗಿಯುತ್ತಾರೆ. ಆ ತುಂಡಿಗೆ ಹೊಸದಾಗಿ ರಕ್ತನಾಳಗಳು ಬೆಳೆದು, ಅದು ಲಿಗಮೆಂಟಿನ ಗುಣ ಪಡೆಯಲು ತಿಂಗಳುಗಟ್ಟಲೆ ಬೇಕು. ನೋವು ಮತ್ತು ಊತ ಅದಕ್ಕಿಂತ ಎಷ್ಟೋ ಮೊದಲೇ ಹೋಗಿಬಿಡುತ್ತವೆ. ನೇರ ಓಟಕ್ಕೆ ಎಸಿಎಲ್‌ನ ಕೆಲಸ ಕಡಿಮೆ. ಎದುರಾಳಿಯನ್ನು ತಪ್ಪಿಸಲು ಒಂದೇ ಕಾಲೂರಿ ಗಕ್ಕನೆ ತಿರುಗುವಾಗಲೇ ಅದರ ಪರೀಕ್ಷೆ. ನಮ್ಮಲ್ಲಿ ಫುಟ್ಬಾಲ್ ಎಂದರೆ ಮಳೆಗಾಲದ ಆಟ. ಕೆಸರಿನಲ್ಲಿ ಬೂಟಿನ ಸ್ಟಡ್ ಹೂತು ಪಾದ ಅಲ್ಲೇ ಉಳಿದು ಮೈ ಮಾತ್ರ ತಿರುಗಿತೆಂದರೆ, ಎದುರಾಳಿ ಮುಟ್ಟದಿದ್ದರೂ ಮೊಣಕಾಲು ಹೋಗುತ್ತದೆ. ಇಂಥ ಶಸ್ತ್ರಚಿಕಿತ್ಸೆಯಾದವರನ್ನು ಗಮನಿಸಿದ, 2016ರಲ್ಲಿ ಪ್ರಕಟವಾದ ನಾರ್ವೆ ಮತ್ತು ಅಮೆರಿಕದ ಜಂಟಿ ಅಧ್ಯಯನವೊಂದು, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ಕಂಡುಕೊಂಡಿತು. ನಮ್ಮ ಹುಡುಗ ಐದನೆಯ ತಿಂಗಳಲ್ಲಿದ್ದಾನೆ.

ತಂಡ ಸೋಲುತ್ತಿರುವುದರಿಂದಲೇ ಅವನು ಬೇಕು ಎಂಬ ವಾದ ನನಗೆ ಅರ್ಥವಾಗುವುದಿಲ್ಲ. ಐದು ಪಂದ್ಯ ಸೋತ ತಂಡಕ್ಕೆ ಪ್ರಶಸ್ತಿಯ ದಾರಿ ಮುಚ್ಚಿದೆ. ಉಳಿದಿರುವುದು ಮರ್ಯಾದೆಯ ಪ್ರಶ್ನೆ ಮಾತ್ರ. ಪಂದ್ಯಗಳನ್ನು ನೋಡಿದವನಾಗಿ ಹೇಳುವುದಾದರೆ, ಗೋಲುಗಳು ಬಿದ್ದಿರುವುದು ಬಲಬದಿಯ ರಕ್ಷಣೆಯಲ್ಲಿ. ಮಿಡ್‌ಫೀಲ್ಡಿಗೆ ಯಾರು ಬಂದರೂ ಆ ತೂತು ಮುಚ್ಚುವುದಿಲ್ಲ. ಹೆಚ್ಚೆಂದರೆ ಎದುರಾಳಿಗಳು ಅವನ ಎಡಗಾಲಿನ ಪಟ್ಟಿಯನ್ನು ನೋಡಿ, ಚೆಂಡನ್ನು ಆ ಬದಿಗೇ ತಳ್ಳಿ ಓಡಿಸುತ್ತಾರೆ.

ಇದಕ್ಕಿಂತ ಎಷ್ಟೋ ದೊಡ್ಡ ಸಂಕಟದಲ್ಲಿದ್ದ ತಂಡವೂ ಕಾದದ್ದುಂಟು. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಡಿಫೆಂಡರ್ ವರ್ಜಿಲ್ ವ್ಯಾನ್ ಡೈಕ್ ಅವರಿಗೆ ಎವರ್ಟನ್ ವಿರುದ್ಧದ ಪಂದ್ಯದಲ್ಲಿ ಇದೇ ಎಸಿಎಲ್ ಗಾಯವಾಯಿತು. ಹಾಲಿ ಚಾಂಪಿಯನ್ ತಂಡ 2021ರ ಆರಂಭದಲ್ಲಿ ತನ್ನದೇ ಆನ್‌ಫೀಲ್ಡ್ ಮೈದಾನದಲ್ಲಿ ಸತತ ಆರು ಲೀಗ್ ಪಂದ್ಯ ಸೋತಿತು. ಆದರೂ ಅವರು ಆ ಋತುವಿನಲ್ಲಿ ಮರಳಲಿಲ್ಲ. ಬೇಸಗೆಯ ಯೂರೋ ಟೂರ್ನಿಯಲ್ಲೂ ನೆದರ್ಲೆಂಡ್ಸ್ ಪರ ಆಡಲಿಲ್ಲ. ಆಗಸ್ಟ್‌ನ ಹೊಸ ಋತುವಿಗೆ ಬಂದರು. ಇತ್ತ ಬ್ರೆಜಿಲ್‌ನ ರೊನಾಲ್ಡೊ 1999ರ ನವೆಂಬರ್‌ನಲ್ಲಿ ಮಂಡಿಯ ಸ್ನಾಯುರಜ್ಜಿಗೆ ಗಾಯ ಮಾಡಿಕೊಂಡು, ಐದು ತಿಂಗಳಾಗುವ ಮೊದಲೇ, 2000ದ ಏಪ್ರಿಲ್‌ನಲ್ಲಿ ಇಂಟರ್ ಮಿಲಾನ್ ಪರ ಬದಲಿ ಆಟಗಾರನಾಗಿ ಇಳಿದರು. ಹತ್ತು ನಿಮಿಷ ಕಳೆಯುವುದರೊಳಗೆ, ಯಾರೂ ಮುಟ್ಟದೆ, ಆ ರಜ್ಜು ಸಂಪೂರ್ಣ ಕಿತ್ತುಬಂತು. 2002ರ ವಿಶ್ವಕಪ್‌ನಲ್ಲಿ ಅವರು ಎಂಟು ಗೋಲು ಹೊಡೆದದ್ದನ್ನು ಯಾರಾದರೂ ನೆನಪಿಸುತ್ತಾರೆಂದು ಬಲ್ಲೆ. ಅದಕ್ಕೂ ಮೊದಲು ಅವರು ಒಂದು ಇಡೀ ಋತುವನ್ನೇ ಕಳೆದುಕೊಂಡಿದ್ದರು. ಅವರ ಹಿಂದೆ ಇದ್ದ ವೈದ್ಯರು, ಹಣ, ಸಮಯ ಯಾವುದೂ ನಮ್ಮ ಹುಡುಗರಿಗಿಲ್ಲ.

ನಾನು ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. 1998ರಲ್ಲಿ ನಾನು ಕೋಚ್ ಆಗಿದ್ದ ಶಾಲಾ ತಂಡದಲ್ಲಿ ಬೆಂಗ್ರೆಯ ಹುಡುಗನೊಬ್ಬನಿದ್ದ. ಅವನ ಮೊಣಕಾಲು ತಿರುಚಿತ್ತು; ಎಂಆರ್‌ಐ ಮಾಡಿಸುವ ಯೋಚನೆಯೇ ನಮಗೆ ಬರಲಿಲ್ಲ, ಉಳುಕು ಎಂದುಕೊಂಡು ಎಣ್ಣೆ ತಿಕ್ಕಿಸಿದೆವು. ನಾಲ್ಕು ಪಂದ್ಯ ಸೋತಿದ್ದೆವು. "ಏನಾಗುವುದಿಲ್ಲ ಸರ್, ಕ್ರೇಪ್ ಬ್ಯಾಂಡೇಜ್ ಕಟ್ಟಿಕೊಳ್ಳುತ್ತೇನೆ" ಎಂದ. ಅವನೇ ಕೇಳಿದನಲ್ಲ ಎಂದು ನಾನೂ ಸಮಾಧಾನ ಹೇಳಿಕೊಂಡೆ. ಆ ಪಂದ್ಯವನ್ನು ಮೂರು ಗೋಲಿನಿಂದ ಸೋತೆವು. ಅವನು ಅರ್ಧಕ್ಕೇ ಇಬ್ಬರ ಹೆಗಲ ಮೇಲೆ ಹೊರಬಂದ. ಈಗ ಮೀನುಗಾರಿಕೆ ಬೋಟಿನಲ್ಲಿದ್ದಾನೆ. ಬೋಟಿನಿಂದ ದಕ್ಕೆಗೆ ಹತ್ತುವಾಗ ಇನ್ನೊಬ್ಬನ ಕೈ ಹಿಡಿಯುವುದನ್ನು ನಾನೇ ನೋಡಿದ್ದೇನೆ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಅದು ನನಗೆ ಹೆಚ್ಚು ಕಷ್ಟ.

ಹತ್ತೊಂಬತ್ತರ ಹುಡುಗ "ನಾನು ರೆಡಿ" ಎಂದರೆ ಅದು ಮೊಣಕಾಲಿನ ವರದಿಯಲ್ಲ. ಅವನಿಗೆ ಬೆಂಚಿನಲ್ಲಿ ಕೂತು ಸಾಕಾಗಿದೆ; ಗೆಳೆಯರು ಸೋಲುವುದನ್ನು ನೋಡಲಾಗುತ್ತಿಲ್ಲ. ಇನ್ನೊಂದು ಕಾರಣವನ್ನು ಮೈದಾನದಲ್ಲಿ ಯಾರೂ ಗಟ್ಟಿಯಾಗಿ ಆಡುವುದಿಲ್ಲ: ಕ್ರೀಡಾ ಕೋಟಾದಲ್ಲಿ ಸೇರಿದ ಹುಡುಗ ಒಂದು ವರ್ಷ ಆಡದಿದ್ದರೆ ಶುಲ್ಕ ವಿನಾಯಿತಿ ಉಳಿಯುತ್ತದೆಯೇ ಎಂಬ ಭಯ. ಗಾಯದ ವರ್ಷದಲ್ಲೂ ವಿನಾಯಿತಿ ಮುಂದುವರಿಯುತ್ತದೆಂದು ಕಾಲೇಜು ಬರೆದು ಕೊಟ್ಟರೆ, ಇಂತಹ ಹುಡುಗರಲ್ಲಿ ಹಲವರು ಅರ್ಧ ಗುಣವಾದ ಕಾಲಿನಲ್ಲಿ ಆಡಲು ಅವಸರ ಮಾಡುವುದಿಲ್ಲ ಎಂಬುದು ನನ್ನ ಅನುಭವ.

ಎಲ್ಲ ಗಾಯವೂ ಒಂದೇ ಎಂದು ನಾನು ಹೇಳುತ್ತಿಲ್ಲ. ತೊಡೆಯ ಸ್ನಾಯು ಸೆಳೆತದಂಥದ್ದಾದರೆ ಕೆಲವು ವಾರಗಳಲ್ಲಿ ಫಿಸಿಯೋ ಒಪ್ಪಿದ ಮೇಲೆ ಆಡಿಸಲು ನನ್ನ ತಕರಾರಿಲ್ಲ. ಲಿಗಮೆಂಟಿನ ವಿಷಯದಲ್ಲಿ ಮಾತ್ರ ತೀರ್ಮಾನ ಪಂದ್ಯದ ಫಲಿತಾಂಶದಿಂದ ಲಾಭವಿಲ್ಲದವರ ಕೈಯಲ್ಲಿರಬೇಕು. ಒಂಬತ್ತು ತಿಂಗಳು ತುಂಬಿರಬೇಕು, ತೊಡೆಯ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಇರಬೇಕು, ಒಂಟಿ ಕಾಲಿನಲ್ಲಿ ಜಿಗಿದ ದೂರವೂ ಹಾಗೆಯೇ ಎಂಬುದು ಫಿಸಿಯೋಗಳು ಸಾಮಾನ್ಯವಾಗಿ ಬಳಸುವ ಅಳತೆ. ತಿಂಗಳುಗಟ್ಟಲೆ ಆಡದೆ ಒಳ್ಳೆಯ ಕಾಲೂ ಸೊರಗಿರುತ್ತದೆ, ಆದ್ದರಿಂದ ಆ ಹೋಲಿಕೆಯೊಂದನ್ನೇ ನಂಬಲಾಗದು. ಬಲ ಅಳೆಯುವ ಯಂತ್ರ ಎಲ್ಲ ಕಾಲೇಜಿನಲ್ಲೂ ಇರಲಾರದು. ಜಿಗಿತ ಅಳೆಯಲು ಸುಣ್ಣದ ಗೆರೆಯೊಂದು, ಟೇಪು ಒಂದು ಸಾಕು.

ಆಟಗಾರನಿಗೆ ಬೇಡ ಎನ್ನುವ ಹಕ್ಕು ಯಾವಾಗಲೂ ಇರಲಿ. ಬೇಕು ಎನ್ನುವುದಷ್ಟೇ ಸಾಲದು ಎಂಬುದನ್ನು ಋತು ಆರಂಭವಾಗುವ ಮೊದಲೇ ಬರೆದಿಡಲಿ. ಜಿಲ್ಲೆಯ ಟೂರ್ನಿಗಳ ನೋಂದಣಿಗೆ ಭಾವಚಿತ್ರ, ವಯಸ್ಸಿನ ದಾಖಲೆ ಕೇಳುವ ಸಂಘಟಕರು, ಕಳೆದ ಒಂದು ವರ್ಷದಲ್ಲಿ ಲಿಗಮೆಂಟ್ ಶಸ್ತ್ರಚಿಕಿತ್ಸೆಯಾದವರಿಂದ ಫಿಸಿಯೋ ಸಹಿಯ ಒಂದು ಪುಟವನ್ನೂ ಕೇಳಲಿ. ಮುಂದಿನ ವರ್ಷದ ಅರ್ಜಿಗಳು ಅಚ್ಚಾಗುವ ಮೊದಲು ಈ ಪುಟ ಸೇರಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಮಂಗಳೂರು